ಘಾಟಿ ಹತ್ತುವ ಲಾರಿಗೆ ಬೆಲ್ಟ್ ಫ್ಯಾನಾ, ಕರೆಂಟ್ ಫ್ಯಾನಾ?

ದುರ್ಗದ ಲಾರಿ

ಎಲ್ಲರಿಗೂ ನಮಸ್ಕಾರ. ನಂದು ಆರು ಚಕ್ರದ ಬಿಎಸ್-3 (ಹಳೇ ಹೊಗೆ ನಿಯಮದ) ಗಾಡಿ. ಟರ್ಬೊ ಇಂಜಿನ್, ಸುಮಾರು 160 ಎಚ್‌ಪಿ, 24 ವೋಲ್ಟ್ ವೈರಿಂಗ್. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ಮಂಗಳೂರಿಗೆ ಹೋಗುತ್ತೇನೆ. ಬರುವಾಗ ಪಣಂಬೂರಿನಿಂದ ಗೊಬ್ಬರ, ಇಲ್ಲವೇ ಕಲ್ಲಿದ್ದಲು. ತೊಂದರೆ ಇರುವುದು ಬರುವಾಗಲೇ.

ಹೈವೇ 48ರಲ್ಲಿ ಫುಲ್ ಲೋಡ್ ಇದ್ದರೂ ಹೀಟ್ ಮೀಟರ್ ಮುಳ್ಳು ನಡುವೆಯೇ ನಿಂತಿರುತ್ತದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಶುರುವಾದರೆ ಮೇಲೇಳುತ್ತದೆ. ಮಾರನಹಳ್ಳಿ ಬರುವಷ್ಟರಲ್ಲಿ ಕೆಂಪು ಗೆರೆ ಹತ್ತಿರ. ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡದೆ ಸ್ವಲ್ಪ ಹೊತ್ತು ನಿಂತರೆ ಇಳಿಯುತ್ತದೆ. ಮತ್ತೆ ಹೊರಟರೆ ಅದೇ ಕಥೆ. ಕೂಲೆಂಟ್ ಕಡಿಮೆ ಆಗುತ್ತಿಲ್ಲ. ಆಯಿಲ್‌ಗೆ ನೀರು ಸೇರಿಲ್ಲ. ಥರ್ಮೋಸ್ಟಾಟ್ ಹೊಸದು.

ಈಗಿರುವುದು ಬೆಲ್ಟಿನಿಂದ ತಿರುಗುವ ವಿಸ್ಕಸ್ ಫ್ಯಾನ್. ದಾವಣಗೆರೆಯ ಒಂದು ಗ್ಯಾರೇಜಿನವರು ಇದನ್ನು ಕಿತ್ತುಹಾಕಿ ಎರಡು ಕರೆಂಟ್ ಫ್ಯಾನ್ ಕೂರಿಸೋಣ ಅನ್ನುತ್ತಿದ್ದಾರೆ. ಹೀಟೂ ಹೋಗುತ್ತೆ, ಡೀಸೆಲೂ ಉಳಿಯುತ್ತೆ ಅನ್ನುವುದು ಅವರ ಮಾತು. ಬೆಲ್ಟ್ ಫ್ಯಾನ್ ಇಂಜಿನ್ ಶಕ್ತಿ ತಿನ್ನುತ್ತದೆ ಅನ್ನುವುದು ನಿಜ ಅಲ್ವಾ? ಹಾಗಿದ್ದರೆ ಲಾರಿ ಕಂಪನಿಗಳು ಯಾಕೆ ಇನ್ನೂ ಅದನ್ನೇ ಕೊಡುತ್ತಿವೆ? ಗೊತ್ತಿರುವವರು ಬಿಡಿಸಿ ಹೇಳಿ.

ಹರಿಹರ ಮೇಸ್ತ್ರಿ

ಅಣ್ಣ, ಈಗಿರುವ ಫ್ಯಾನ್ ಕೆಲಸ ಮಾಡುತ್ತಿದೆಯಾ ಅಂತ ನೋಡದೆ ಹೊಸ ಫ್ಯಾನ್ ಮಾತು ಬೇಡ. ನೀವು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಹೈವೇಯಲ್ಲಿ 60ರಲ್ಲಿ ಹೋಗುವಾಗ ಗಾಳಿ ತಾನಾಗಿ ಜಾಲಿಯೊಳಗೆ ನುಗ್ಗುತ್ತದೆ. ಆಗ ಫ್ಯಾನ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಗಾಡಿ 15ರಲ್ಲಿ ತೆವಳುತ್ತದೆ, ಕಾಲು ಮಾತ್ರ ಪೂರ್ತಿ ಆಕ್ಸಿಲರೇಟರ್ ಮೇಲೆ. ಇಂಜಿನ್ ಹೆಚ್ಚು ಬಿಸಿ ಹುಟ್ಟಿಸುವುದೂ ಆಗ, ಎದುರು ಗಾಳಿ ಸಿಗದಿರುವುದೂ ಆಗ. ಆ ಹೊತ್ತಿಗೆ ಎಲ್ಲ ಭಾರ ಫ್ಯಾನ್ ಮೇಲೆ.

ವಿಸ್ಕಸ್ ಹಬ್, ಅಂದರೆ ಫ್ಯಾನಿನ ನಡುವಿನ ಗುಂಡು ಭಾಗ, ಅದರ ಒಳಗೆ ದಪ್ಪನೆಯ ಸಿಲಿಕೋನ್ ಆಯಿಲ್ ಇರುತ್ತದೆ. ಹಬ್ ಮುಂದೆ, ರೇಡಿಯೇಟರ್ ಕಡೆಗೆ, ಎರಡು ಲೋಹ ಸೇರಿಸಿ ಮಾಡಿದ ಸುರುಳಿ ಪಟ್ಟಿ ಇದೆ ನೋಡಿ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಆ ಪಟ್ಟಿ ಬಾಗಿ ಒಳಗಿನ ಬಾಗಿಲು ತೆಗೆಯುತ್ತದೆ. ಆಯಿಲ್ ಕೆಲಸದ ಜಾಗಕ್ಕೆ ಬರುತ್ತದೆ, ಫ್ಯಾನ್ ಹಿಡಿದುಕೊಳ್ಳುತ್ತದೆ. ಗಾಳಿ ತಣ್ಣಗಾದರೆ ಆಯಿಲ್ ವಾಪಸ್, ಫ್ಯಾನ್ ಸಡಿಲ. ಹೈವೇಯಲ್ಲಿ ಹೆಚ್ಚು ಹೊತ್ತು ಅದು ಸಡಿಲವಾಗಿಯೇ ಸುತ್ತುತ್ತಿರುತ್ತದೆ. ಹಾಗಾಗಿ "ಬೆಲ್ಟ್ ಫ್ಯಾನ್ ಶಕ್ತಿ ತಿನ್ನುತ್ತದೆ" ಅನ್ನುವ ಮಾತು ಹಳೇ ಕಾಲದ ಗಟ್ಟಿ ಫ್ಯಾನಿಗೆ ಪೂರ್ತಿ ಸರಿ. ವಿಸ್ಕಸ್‌ಗೆ ಅಷ್ಟು ಸರಿಯಲ್ಲ.

ಹೀಗೆ ನೋಡಿ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಫ್ಯಾನ್ ಹೋ ಅಂತ ಕೂಗಿ ಆಮೇಲೆ ಸುಮ್ಮನಾಗಬೇಕು. ರಾತ್ರಿ ಆಯಿಲ್ ಕೆಲಸದ ಜಾಗಕ್ಕೆ ಇಳಿದಿರುತ್ತದೆ, ಅದಕ್ಕೇ ಆ ಸದ್ದು. ಯಾವತ್ತೂ ಕೂಗುವುದೇ ಇಲ್ಲ ಅಂದರೆ ಅನುಮಾನ ಪಡಿ. ಎರಡನೆಯದು, ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಫ್ಯಾನ್ ಪೂರ್ತಿ ನಿಂತ ಮೇಲೆ ಕೈಯಿಂದ ತಿರುಗಿಸಿ. ಬಿಗಿಯಾಗಿ, ಎಳೆದಂತೆ ಬರಬೇಕು. ಸುಮ್ನೆ ಎರಡು ಮೂರು ಸುತ್ತು ಓಡಿಬಿಟ್ಟರೆ ಹಬ್ ಹೋಗಿದೆ. ಹಬ್ ಸುತ್ತ ಧೂಳು ಎಣ್ಣೆಗೆ ಮೆತ್ತಿಕೊಂಡು ಕಪ್ಪು ಪಟ್ಟಿ ಕಟ್ಟಿದೆಯಾ ಅಂತಲೂ ನೋಡಿ.

ಕರೆಂಟ್ ಕೆಲಸ, ಪಿ.ಬಿ. ರಸ್ತೆ

ಮೇಸ್ತ್ರಿ ಹೇಳಿದ ಟೆಸ್ಟ್ ಸರಿ. ಆದರೆ ಕರೆಂಟ್ ಫ್ಯಾನ್ ಪರವಾಗಿಯೂ ಒಬ್ಬರು ಮಾತಾಡಬೇಕು.

ಬೆಲ್ಟ್ ಫ್ಯಾನಿನ ದೊಡ್ಡ ತೊಂದರೆ ಅಂದರೆ ಅದರ ವೇಗ ಇಂಜಿನ್ ಕೈಯಲ್ಲಿದೆ. ಇಂಜಿನ್ ಐಡಲ್‌ನಲ್ಲಿದ್ದರೆ ಫ್ಯಾನೂ ನಿಧಾನ. ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ನಿಂತಾಗ ಗಾಳಿ ಬೇಕು, ಸಿಗುವುದಿಲ್ಲ. ಬೆಳಿಗ್ಗೆ ತಣ್ಣನೆ ಹೈವೇಯಲ್ಲಿ ಗಾಳಿ ಬೇಡ, ಆಗಲೂ ಸುತ್ತುತ್ತಿರುತ್ತದೆ. ಫ್ಯಾನ್ ವೇಗ ಎರಡರಷ್ಟು ಆದರೆ ಗಾಳಿ ಎರಡರಷ್ಟು ಆಗುತ್ತದೆ, ಅದು ತಿನ್ನುವ ಶಕ್ತಿ ಮಾತ್ರ ಎಂಟರಷ್ಟು ಆಗುತ್ತದೆ. ಕರೆಂಟ್ ಫ್ಯಾನಿಗೆ ಈ ಕಟ್ಟುಪಾಡಿಲ್ಲ. ಇಂಜಿನ್ 600 ಆರ್‌ಪಿಎಂನಲ್ಲಿ ಇರಲಿ, 2,400ರಲ್ಲಿ ಇರಲಿ, ಸೆನ್ಸರ್ ಕೇಳಿದಷ್ಟು ಗಾಳಿ ಕೊಡುತ್ತದೆ. ಬೇಡ ಅಂದರೆ ಪೂರ್ತಿ ನಿಲ್ಲುತ್ತದೆ. ವಾಟರ್ ಪಂಪ್ ಬೇರಿಂಗ್ ಮೇಲೆ ಫ್ಯಾನಿನ ತೂಕವೂ ಬೀಳುವುದಿಲ್ಲ. ಒಳ್ಳೆಯ ಫ್ಯಾನ್, ಒಳ್ಳೆಯ ವೈರಿಂಗ್ ಇದ್ದರೆ ಇದು ಕೆಟ್ಟ ಆಯ್ಕೆ ಅಲ್ಲ.

ಒಂದು ಮಾತು ಮಾತ್ರ. ಗುಜರಿಯಿಂದ ಕಾರಿನ 12 ವೋಲ್ಟ್ ಫ್ಯಾನ್ ಎರಡು ತಂದು, ಸೀರೀಸ್ ಕೊಟ್ಟು 24 ವೋಲ್ಟ್‌ಗೆ ಹಾಕುತ್ತೇವೆ ಅನ್ನುವವರು ಇದ್ದಾರೆ. ಅದಕ್ಕೆ ಒಪ್ಪಬೇಡಿ. ಎರಡೂ ಮೋಟಾರ್ ಒಂದೇ ಥರ ಸವೆದಿರುವುದಿಲ್ಲ. ವೋಲ್ಟೇಜ್ ಸಮ ಹಂಚಿಕೆ ಆಗುವುದಿಲ್ಲ. ಒಂದು ನಿಂತರೆ ಇನ್ನೊಂದೂ ನಿಂತಿತು.

ಪಾಲಿಟೆಕ್ನಿಕ್ ಮೇಷ್ಟ್ರು

ಲಾರಿ ಅಣ್ಣ ಕೇಳಿದ "ಕಂಪನಿಗಳು ಯಾಕೆ ಇನ್ನೂ ಬೆಲ್ಟ್ ಫ್ಯಾನ್ ಕೊಡುತ್ತವೆ" ಅನ್ನುವುದಕ್ಕೆ ಲೆಕ್ಕದಲ್ಲೇ ಉತ್ತರ ಇದೆ. ಪೆನ್ನು ಹಿಡಿದು ಮಾಡೋಣ.

ಡೀಸೆಲ್ ಸುಟ್ಟಾಗ ಬರುವ ಶಾಖದಲ್ಲಿ ದೊಡ್ಡ ಪಾಲು ಚಕ್ರಕ್ಕೆ ಹೋಗುತ್ತದೆ, ಅಷ್ಟೇ ಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಕೂಲೆಂಟಿಗೆ. 160 ಎಚ್‌ಪಿ ಅಂದರೆ ಹತ್ತಿರ ಹತ್ತಿರ 120 ಕಿಲೋವ್ಯಾಟ್. ಪೂರ್ತಿ ಲೋಡಿನಲ್ಲಿ ಘಾಟಿ ಹತ್ತುವಾಗ ರೇಡಿಯೇಟರ್ ಹೊರಗೆ ಹಾಕಬೇಕಾದ ಶಾಖವನ್ನು 75 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳಿ. ಒಂದು ಕೆಜಿ ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1 ಕಿಲೋಜೂಲ್ ಬೇಕು. ಹೊರಗಿನ ಗಾಳಿ 35 ಡಿಗ್ರಿ ಇದ್ದು, ರೇಡಿಯೇಟರ್ ದಾಟುವಾಗ 38 ಡಿಗ್ರಿ ಏರಿತು ಅಂದರೆ ಸೆಕೆಂಡಿಗೆ ಸುಮಾರು 2 ಕೆಜಿ ಗಾಳಿ ಬೇಕು. ಅದು ಸೆಕೆಂಡಿಗೆ 1.8 ಘನ ಮೀಟರ್ ಹತ್ತಿರ, ಅಂದರೆ ಸುಮಾರು 3,800 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ).

16 ಇಂಚಿನ ಕರೆಂಟ್ ಫ್ಯಾನ್ ಡಬ್ಬದ ಮೇಲೆ 2,000ಕ್ಕೂ ಜಾಸ್ತಿ ಸಿಎಫ್‌ಎಂ ಅಂತ ಬರೆದಿರಬಹುದು. ಎರಡು ಹಾಕಿದರೆ ಆಯಿತಲ್ಲ ಅನ್ನಿಸುತ್ತದೆ. ಆದರೆ ಅದು ಮುಂದೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ನಿಮ್ಮ ಗಾಡಿಯಲ್ಲಿ ಗಾಳಿ ಜಾಲಿ ದಾಟಿ, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ) ದಾಟಿ, ದಪ್ಪನೆಯ ರೇಡಿಯೇಟರ್ ದಾಟಿ, ಇಂಜಿನ್ ಬ್ಲಾಕ್ ಸುತ್ತಿಕೊಂಡು ಹೊರಗೆ ಹೋಗಬೇಕು. ಅಷ್ಟು ಅಡ್ಡ ಬಂದಾಗ ಕಾರಿನ ಸಣ್ಣ ಮೋಟಾರಿನ ಫ್ಯಾನ್ ಬಹಳ ಕಡಿಮೆ ಗಾಳಿ ಎಳೆಯುತ್ತದೆ.

ಇನ್ನು ಕರೆಂಟ್. ಈ ಅಳತೆಯ ಲಾರಿ ಫ್ಯಾನ್ ಪೂರ್ತಿ ಹಿಡಿದಾಗ 8–10 ಎಚ್‌ಪಿ ತೆಗೆದುಕೊಳ್ಳಬಹುದು. 10 ಎಚ್‌ಪಿ ಅಂದರೆ 7.46 ಕಿಲೋವ್ಯಾಟ್. ಅಷ್ಟನ್ನೂ ಕರೆಂಟಿನಿಂದ ಕೊಡಲು, ಗಾಡಿ ಓಡುವಾಗಿನ 28 ವೋಲ್ಟ್ ಹಿಡಿದರೂ 266 ಆಂಪ್ ಬೇಕು. ನಿಮ್ಮ ಡೈನಮೋ ಎಷ್ಟು ಆಂಪ್ ಅಂತ ಪ್ಲೇಟ್ ನೋಡಿ ಬರೆಯಿರಿ.

ಕರೆಂಟ್ ಕೆಲಸ, ಪಿ.ಬಿ. ರಸ್ತೆ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದರೆ 266 ಆಂಪ್ ಅನ್ನುವುದು ನ್ಯಾಯ ಅಲ್ಲ. ಬೆಲ್ಟ್ ಫ್ಯಾನ್ 10 ಎಚ್‌ಪಿ ತಿನ್ನುತ್ತದೆ ಅಂದರೆ ಅಷ್ಟೂ ಗಾಳಿಯಾಗಿ ಬರುತ್ತದೆ ಅಂತ ಅಲ್ಲ. ಹಬ್ ಜಾರುತ್ತದೆ, ಅಂಚಿನಲ್ಲಿ ಗಾಳಿ ವಾಪಸ್ ಸುತ್ತುತ್ತದೆ, ಇಂಜಿನ್ ವೇಗ ಏರಿದಾಗ ಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತದೆ. ನೀವೇ ಹೇಳಿದ 1.8 ಘನ ಮೀಟರ್ ಗಾಳಿಯನ್ನು ಒಳ್ಳೆಯ ಬ್ರಷ್‌ಲೆಸ್ (ಮೋಟಾರಿನಲ್ಲಿ ಸವೆಯುವ ಬ್ರಷ್ ಇಲ್ಲದ) ಫ್ಯಾನ್‌ಗಳಿಂದ ಎಳೆದರೆ ಎಷ್ಟು ಬೇಕು ಅಂತ ಹೇಳಿ.

ಪಾಲಿಟೆಕ್ನಿಕ್ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ರೇಡಿಯೇಟರ್ ಮತ್ತು ಇಂಟರ್‌ಕೂಲರ್ ಸೇರಿ 500 ಪಾಸ್ಕಲ್ ಒತ್ತಡ ತಡೆಯುತ್ತವೆ ಅಂತ ಇಟ್ಟುಕೊಂಡರೆ, ಗಾಳಿ ದಾಟಿಸಲು 0.9 ಕಿಲೋವ್ಯಾಟ್ ಸಾಕು. ಫ್ಯಾನ್ ಮತ್ತು ಮೋಟಾರಿನ ನಷ್ಟ ಸೇರಿಸಿದರೆ 2ರಿಂದ 2.5 ಕಿಲೋವ್ಯಾಟ್. 28 ವೋಲ್ಟ್‌ನಲ್ಲಿ 70ರಿಂದ 90 ಆಂಪ್. ಹಾಗಾಗಿ ನಿಮ್ಮ ಮಾತಿನಲ್ಲಿ ಹುರುಳಿದೆ. ಎಂಜಿನಿಯರಿಂಗ್ ಪ್ರಕಾರ ಅಸಾಧ್ಯ ಅಲ್ಲ.

ಆದರೂ ಎರಡು ಅಡ್ಡಿ ಉಳಿಯುತ್ತವೆ. ಇಂಥ ಡೈನಮೋಗಳು ಇಂಜಿನಿನಿಂದ ಪಡೆದ ಶಕ್ತಿಯಲ್ಲಿ ನೂರಕ್ಕೆ ಸುಮಾರು 60 ಪಾಲು ಮಾತ್ರ ಕರೆಂಟ್ ಮಾಡಿ ಕೊಡುತ್ತವೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. 2.5 ಕಿಲೋವ್ಯಾಟ್ ಫ್ಯಾನಿಗೆ ಕೊಡಲು ಇಂಜಿನಿನಿಂದ 4 ಕಿಲೋವ್ಯಾಟ್‌ಗಿಂತ ಜಾಸ್ತಿ ಬೇಕು. ಬೆಲ್ಟ್ ಫ್ಯಾನ್ ಈ ದಾರಿಯನ್ನೇ ತುಳಿಯುವುದಿಲ್ಲ, ಶಾಫ್ಟಿನಿಂದ ನೇರ ತಿರುಗುತ್ತದೆ. ಎರಡನೆಯದು, ಘಾಟಿ ಹತ್ತಲು ಗಂಟೆ ಹಿಡಿಯಬಹುದು. ಅಷ್ಟು ಹೊತ್ತು 90 ಆಂಪ್ ಎಳೆದರೆ ಬ್ಯಾಟರಿಯ ಆಸರೆ ಸಾಲದು. ಡೈನಮೋ ನಿಜವಾಗಿಯೂ ಅಷ್ಟು ಕೊಡಬೇಕು, ಬಿಸಿ ಇಂಜಿನ್ ಪಕ್ಕದಲ್ಲಿ ಕೂತು ಕೊಡಬೇಕು.

ದುರ್ಗದ ಲಾರಿ

ಡೈನಮೋ ಪ್ಲೇಟ್ ನೋಡಿದೆ ಸರ್. 24 ವೋಲ್ಟ್, 45 ಆಂಪ್. ರಾತ್ರಿ ಹೆಡ್‌ಲೈಟ್, ಹಿಂದಿನ ಲೈಟು, ವೈಪರ್ ಎಲ್ಲ ಹಾಕಿದರೆ ಇದರಲ್ಲಿ ಎಷ್ಟು ಉಳಿಯುತ್ತದೆ?

ಕರೆಂಟ್ ಕೆಲಸ, ಪಿ.ಬಿ. ರಸ್ತೆ

ಮಳೆಗಾಲದ ರಾತ್ರಿ 25 ಆಂಪ್ ಉಳಿದರೆ ಪುಣ್ಯ. ಹಾಗಾದರೆ ನಿಮ್ಮ ಗಾಡಿಗೆ ಇದು ಹೊಂದುವುದಿಲ್ಲ ಅಣ್ಣ. ದೊಡ್ಡ ಡೈನಮೋ, ಅದಕ್ಕೆ ಬ್ರಾಕೆಟ್, ಅಗಲದ ಬೆಲ್ಟ್, ದಪ್ಪ ಕೇಬಲ್, ಫ್ಯೂಸ್, ರಿಲೇ, ಆಮೇಲೆ ಒಳ್ಳೆಯ 24 ವೋಲ್ಟ್ ಫ್ಯಾನುಗಳು. ಇಷ್ಟೂ ಮಾಡಿಸುವ ದುಡ್ಡಿಗೆ ಹೊಸ ವಿಸ್ಕಸ್ ಹಬ್ ಹಾಕಿಸಿ, ರೇಡಿಯೇಟರ್ ಸರ್ವೀಸ್ ಮಾಡಿಸಿ ಇನ್ನೂ ಉಳಿಯುತ್ತದೆ. ಗ್ಯಾರೇಜಿನವರು ಡೈನಮೋ ಮಾತೇ ಎತ್ತದೆ ಫ್ಯಾನ್ ಹಾಕುತ್ತೇವೆ ಅಂದಿದ್ದರೆ ಅವರು ಲೆಕ್ಕ ಮಾಡಿಲ್ಲ.

ಆದರೆ ಕರೆಂಟ್ ಫ್ಯಾನ್ ಅಂದರೆ ಲಾರಿಗೆ ಆಗುವುದೇ ಇಲ್ಲ ಅನ್ನುವುದನ್ನು ನಾನು ಈಗಲೂ ಒಪ್ಪುವುದಿಲ್ಲ.

ಹೊಳಲ್ಕೆರೆ ಟಿಪ್ಪರ್

ನಮ್ಮದು ಅದಿರಿನ ಧೂಳಲ್ಲಿ ಓಡುವ ಗಾಡಿಗಳು. ಇಲ್ಲಿ ಫ್ಯಾನ್ ಯಾವುದು ಅನ್ನುವುದಕ್ಕಿಂತ ರೇಡಿಯೇಟರ್ ಎಷ್ಟು ಚೊಕ್ಕ ಇದೆ ಅನ್ನುವುದೇ ಮುಖ್ಯ. ಕೆಂಪು ಧೂಳಿಗೆ ಹಬ್‌ನ ಎಣ್ಣೆ, ಇಂಜಿನ್ ಎಣ್ಣೆಯ ಜಿಡ್ಡು ಸೇರಿದರೆ ಫಿನ್ (ರೇಡಿಯೇಟರ್‌ನ ತೆಳು ತಗಡು ಪಟ್ಟಿ) ನಡುವೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಇಂಟರ್‌ಕೂಲರ್ ಬಿಚ್ಚಿ ಹಿಂದೆ ನೋಡಬೇಕು. ಕೊಳೆ ಕೂರುವುದು ಎರಡರ ನಡುವೆ. ಮೆಕ್ಕೆಜೋಳ ಹೊರುವ ಗಾಡಿಯಲ್ಲಂತೂ ಖಂಡಿತ ನೋಡಿ.

ಇನ್ನೊಂದು, ಏರು ಹತ್ತುವಾಗ ಗೇರ್ ಒಂದು ಕಡಿಮೆ ಮಾಡಿ ಓಡಿಸಿ. ಮೇಲಿನ ಗೇರ್‌ನಲ್ಲಿ ಒದ್ದಾಡಿಸಿದರೆ ಪಂಪೂ ನಿಧಾನ, ಫ್ಯಾನೂ ನಿಧಾನ, ಬಿಸಿ ಮಾತ್ರ ಜಾಸ್ತಿ.

ಹರಿಹರ ಮೇಸ್ತ್ರಿ

ಟಿಪ್ಪರ್ ಅಣ್ಣನ ಮಾತಿಗೆ ನನ್ನದೂ ಒಂದು ಸೇರಿಸಿ. ಶ್ರೌಡ್ ನೋಡಿ. ಫ್ಯಾನ್ ಸುತ್ತ ಇರುವ ಪ್ಲಾಸ್ಟಿಕ್ ಅಥವಾ ತಗಡಿನ ಬಳೆ. ಅದು ಒಡೆದಿದ್ದರೆ, ಇಲ್ಲವೇ ಬಿಚ್ಚಿಟ್ಟು ಮರೆತಿದ್ದರೆ ಎಂಥ ಫ್ಯಾನ್ ಹಾಕಿದರೂ ಪ್ರಯೋಜನ ಇಲ್ಲ. ಊದುಗೊಳವೆ ಇಲ್ಲದೆ ಒಲೆ ಊದಿದ ಹಾಗೆ ಆಗುತ್ತದೆ. ಗಾಳಿ ರೇಡಿಯೇಟರ್ ಮೂಲಕ ಬರುವ ಬದಲು ಪಕ್ಕದಿಂದ ಬರುತ್ತದೆ, ಇಂಜಿನ್ ಕಡೆಯ ಬಿಸಿ ಗಾಳಿಯೇ ಮತ್ತೆ ಸುತ್ತುತ್ತದೆ. ರೆಕ್ಕೆ ತುದಿಗೂ ಬಳೆಗೂ ನಡುವೆ ಸಂದು ಕಡಿಮೆ ಇರಬೇಕು, ಸುತ್ತಲೂ ಒಂದೇ ಸಮ ಇರಬೇಕು. ರೆಕ್ಕೆ ಅರ್ಧ ಒಳಗೆ, ಅರ್ಧ ಹೊರಗೆ ಇರುವ ಹಾಗೆ ಕೂರಬೇಕು. ಇಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿದ್ದರೆ ಫ್ಯಾನ್ ಬಳೆಯ ಕೆಳಭಾಗಕ್ಕೆ ಉಜ್ಜುತ್ತದೆ. ಎಷ್ಟೋ ಕಡೆ ಬಳೆ ಒಡೆಯುವುದೇ ಹೀಗೆ.

ಬಸ್ ಗ್ಯಾರೇಜು

ಕರೆಂಟ್ ಕೆಲಸದವರು ಹೇಳಿದ್ದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇಂಜಿನ್ ಹಿಂದಿರುವ ಬಸ್ಸುಗಳಲ್ಲಿ ರೇಡಿಯೇಟರ್ ಪಕ್ಕಕ್ಕೆ ಇರುತ್ತದೆ. ಕ್ರ್ಯಾಂಕ್ ಒಂದು ದಿಕ್ಕಿಗೆ, ರೇಡಿಯೇಟರ್ ಇನ್ನೊಂದು ದಿಕ್ಕಿಗೆ. ನೇರ ಬೆಲ್ಟ್ ಕೊಡಲು ಆಗುವುದಿಲ್ಲ. ಅಲ್ಲಿ ಹೈಡ್ರಾಲಿಕ್ ಮೋಟಾರಿನಿಂದ ಫ್ಯಾನ್ ತಿರುಗಿಸುತ್ತಾರೆ, ಇಲ್ಲವೇ ಸಣ್ಣ ಸಣ್ಣ ಕರೆಂಟ್ ಫ್ಯಾನ್‌ಗಳನ್ನು ಸಾಲಾಗಿ ಹಾಕುತ್ತಾರೆ. ಅಂಥ ಬಸ್ಸಿಗೆ ಕಂಪನಿಯವರೇ ದೊಡ್ಡ ಡೈನಮೋ ಕೊಟ್ಟಿರುತ್ತಾರೆ. ಕಾರುಗಳಲ್ಲೂ ಇದೇ ಕಾರಣ. ಇಂಜಿನ್ ಅಡ್ಡ ಕೂತಿರುವುದರಿಂದ ಬೆಲ್ಟ್ ಪುಲ್ಲಿ ರೇಡಿಯೇಟರ್ ಕಡೆ ಇರುವುದಿಲ್ಲ, ಹಾಗಾಗಿ ಕರೆಂಟ್ ಫ್ಯಾನ್. ಎಲೆಕ್ಟ್ರಿಕ್ ಬಸ್ಸಿನಲ್ಲಂತೂ ಬೆಲ್ಟೇ ಇಲ್ಲ.

ಲಾರಿಯಲ್ಲಿ ಇಂಜಿನ್ ಉದ್ದಕ್ಕೆ ಕೂತಿದೆ, ರೇಡಿಯೇಟರ್ ಅದರ ಮುಂದೆ. ನೇರ ತಿರುಗಿಸುವ ದಾರಿ ಇರುವಾಗ ಸುತ್ತು ದಾರಿ ಯಾಕೆ ಬೇಕು?

ಚಳ್ಳಕೆರೆ ಟ್ರಾನ್ಸ್‌ಪೋರ್ಟ್

ನಡುವೆ ನನ್ನದೂ ಒಂದು ಪ್ರಶ್ನೆ. ಶೇಂಗಾ ಎಣ್ಣೆ ಲೋಡಿಗೆ ಒಂದು ಬಿಎಸ್-6 ಗಾಡಿ ಇಟ್ಟಿದ್ದೇವೆ. ಅದರ ಫ್ಯಾನ್ ಹಬ್‌ನಿಂದ ಒಂದು ವೈರ್ ಹೊರಗೆ ಬರುತ್ತದೆ. ಅದು ಕರೆಂಟ್ ಫ್ಯಾನಾ?

ಕರೆಂಟ್ ಕೆಲಸ, ಪಿ.ಬಿ. ರಸ್ತೆ

ಅಲ್ಲ. ಅದೂ ಬೆಲ್ಟಿನಿಂದಲೇ ತಿರುಗುವ ವಿಸ್ಕಸ್ ಫ್ಯಾನ್. ಸುರುಳಿ ಪಟ್ಟಿಯ ಬದಲು ಒಳಗೆ ಸಣ್ಣ ಕಾಯಿಲ್ ಇದೆ. ಇಸಿಯು (ಗಾಡಿಯ ಕಂಪ್ಯೂಟರ್) ಆ ಕಾಯಿಲ್‌ಗೆ ಕರೆಂಟ್ ಕೊಟ್ಟು ಬಾಗಿಲು ತೆಗೆಯುತ್ತದೆ, ಮುಚ್ಚುತ್ತದೆ. ಫ್ಯಾನ್ ಎಷ್ಟು ವೇಗ ತಿರುಗುತ್ತಿದೆ ಅಂತ ವಾಪಸ್ ಓದುತ್ತದೆ. ಪಟ್ಟಿಯ ಫ್ಯಾನ್ ರೇಡಿಯೇಟರ್ ಗಾಳಿ ಬಿಸಿಯಾಗುವವರೆಗೆ ಕಾಯುತ್ತದೆ. ಇದು ಕೂಲೆಂಟ್, ಇಂಟರ್‌ಕೂಲರ್ ಗಾಳಿ, ಎಸಿ ಎಲ್ಲವನ್ನೂ ನೋಡಿ ಮೊದಲೇ ಹಿಡಿದುಕೊಳ್ಳುತ್ತದೆ. ನನ್ನ ಪ್ರಕಾರ ಸದ್ಯಕ್ಕೆ ಲಾರಿಗೆ ಸಿಗುವ ಅತಿ ಒಳ್ಳೆಯ ವ್ಯವಸ್ಥೆ ಇದೇ. ಶಕ್ತಿ ಬೆಲ್ಟಿನದು, ಬುದ್ಧಿ ಕರೆಂಟಿನದು.

ಅದನ್ನು ಮಾತ್ರ ಮುಟ್ಟಬೇಡಿ. ಬಿಎಸ್-6ರಲ್ಲಿ ಇಜಿಆರ್ ಕೂಲರ್ (ಇಂಜಿನ್ನಿಗೆ ವಾಪಸ್ ಕಳಿಸುವ ಹೊಗೆಯನ್ನು ತಣಿಸುವ ಭಾಗ) ಇದ್ದರೆ ಅದರ ಬಿಸಿಯೂ ಇದೇ ಕೂಲೆಂಟಿಗೆ ಬರುತ್ತದೆ. ವೈರ್ ಕಿತ್ತು ಬೇರೆ ಫ್ಯಾನ್ ಹಾಕಿದರೆ ಚೆಕ್ ಲೈಟ್ ಬರುತ್ತದೆ, ವಾರಂಟಿ ಮಾತೂ ಕೆಡುತ್ತದೆ.

ದುರ್ಗದ ಲಾರಿ

ಎಲ್ಲರಿಗೂ ಥ್ಯಾಂಕ್ಸ್. ಗಾಡಿ ನಿಲ್ಲಿಸಿ ನೀವು ಹೇಳಿದ್ದನ್ನೆಲ್ಲ ನೋಡಿಸಿದೆ.

ಬಿಸಿ ಇಂಜಿನ್ ಆಫ್ ಮಾಡಿ ಫ್ಯಾನ್ ತಿರುಗಿಸಿದರೆ ಸಲೀಸಾಗಿ ಸುತ್ತಿತು. ಸುರುಳಿ ಪಟ್ಟಿಯ ಬುಡದಿಂದ ಎಣ್ಣೆ ಒಸರಿ, ಹಬ್‌ನ ಗೀರುಗಳಲ್ಲಿ ಧೂಳು ಅಂಟಿ ಟಾರ್ ಬಳಿದ ಹಾಗೆ ಆಗಿದೆ. ಬೆರಳಲ್ಲಿ ಉಜ್ಜಿದರೆ ಜಾರುತ್ತದೆ, ಒರೆಸಿದರೂ ಹೋಗುವುದಿಲ್ಲ. ಆಮೇಲೆ ಇಂಟರ್‌ಕೂಲರ್ ಬಿಚ್ಚಿಸಿದೆ. ಹೊಳಲ್ಕೆರೆ ಅಣ್ಣ ಹೇಳಿದ್ದು ಸರಿ. ಮೆಕ್ಕೆಜೋಳದ ತೆಳು ಸಿಪ್ಪೆ ರೇಡಿಯೇಟರ್ ಮುಖದ ಮೇಲೆ ಕಂಬಳಿಯಂತೆ ಕೂತಿದೆ. ಕೆಳಗಿನ ಅರ್ಧದಲ್ಲಿ ಫಿನ್ನೇ ಕಾಣುವುದಿಲ್ಲ. ಶ್ರೌಡ್ ಬಲಗಡೆ ಕೆಳ ಮೂಲೆಯಲ್ಲಿ ಅಂಗೈಯಗಲ ಮುರಿದಿದೆ, ಅಲ್ಲಿ ರೆಕ್ಕೆ ತಾಗಿದ ಗೆರೆ ಇದೆ. ಎಡ ಮೌಂಟಿಂಗ್ ರಬ್ಬರ್ ಸೀಳಿದೆ.

ಹೊಸ ಹಬ್ ಬರಲು ಸ್ವಲ್ಪ ದಿನ ಆಗುತ್ತದಂತೆ. ಅಲ್ಲಿಯವರೆಗೆ ಹಳೇ ಹಬ್‌ಗೆ ಬೋಲ್ಟ್ ಹಾಕಿ ಲಾಕ್ ಮಾಡಿ ಓಡಿಸಬಹುದಾ? ಮತ್ತೆ ರೇಡಿಯೇಟರ್ ತೊಳೆಯಲು ವಾಟರ್ ಸರ್ವೀಸ್ ಪಂಪ್ ಹೊಡೆಸಲಾ?

ಹರಿಹರ ಮೇಸ್ತ್ರಿ

ಲಾಕ್ ಮಾಡಬಹುದು, ಆದರೆ ಹಬ್ ಬರುವವರೆಗೆ ಮಾತ್ರ. ಆಗ ಅದು ಹಳೇ ಕಾಲದ ಗಟ್ಟಿ ಫ್ಯಾನ್ ಆಗುತ್ತದೆ. ಇಂಜಿನ್ ವೇಗ ಏರಿದಷ್ಟೂ ಕೂಗುತ್ತದೆ, ಡೀಸೆಲ್ ತಿನ್ನುತ್ತದೆ, ಬೆಲ್ಟ್ ಮತ್ತು ಪಂಪ್ ಬೇರಿಂಗ್ ಮೇಲೆ ಎಳೆತ ಜಾಸ್ತಿ. ವಿಸ್ಕಸ್‌ಗೆ ಅಂತ ಮಾಡಿದ ಪ್ಲಾಸ್ಟಿಕ್ ರೆಕ್ಕೆ ಪೂರ್ತಿ ವೇಗದಲ್ಲಿ ಸದಾ ತಿರುಗಲು ಮಾಡಿದ್ದಲ್ಲ. ರೆಕ್ಕೆ ಬುಡದಲ್ಲಿ ಸೀಳು ಇದ್ದರೆ ಲಾಕ್ ಮಾಡಲೇಬೇಡಿ. ತುಂಡು ಹಾರಿದರೆ ರೇಡಿಯೇಟರ್ ಹೋಗುತ್ತದೆ, ಬಾನೆಟ್ ಬಳಿ ನಿಂತವರಿಗೂ ಪೆಟ್ಟು. ಬೋಲ್ಟ್ ಎರಡೂ ಕಡೆ ಸಮ ತೂಕ ಇರಲಿ. ಘಾಟಿ ಬಾಡಿಗೆ ಈ ವಾರ ಬಿಟ್ಟು ಬಯಲು ಸೀಮೆ ಲೋಡು ಹಿಡಿದರೆ ಇನ್ನೂ ಒಳ್ಳೆಯದು.

ಹೊಸ ಹಬ್ ತರುವಾಗ ನಿಮ್ಮ ಇಂಜಿನ್ ನಂಬರಿಗೆ ಬರುವುದನ್ನೇ ತನ್ನಿ. ನೋಡಲು ಒಂದೇ ಥರ ಇರುತ್ತವೆ, ಹಿಡಿಯುವ ಬಿಸಿ ಬೇರೆ ಬೇರೆ. ಅಂಗಡಿಯಲ್ಲೂ ಮನೆಯಲ್ಲೂ ಹಬ್ ಮಲಗಿಸಿ ಇಡಬೇಡಿ, ನಿಲ್ಲಿಸಿ ಇಡಿ. ಮಲಗಿಸಿದರೆ ಆಯಿಲ್ ಒಸರಬಹುದು.

ಪಂಪ್ ಹೊಡೆಸುವುದು ಬೇಡ. ಹತ್ತಿರದಿಂದ ಜೋರು ನೀರು ಬಿದ್ದರೆ ಫಿನ್ ಮಡಿಚಿ ಗಾಳಿ ದಾರಿಯೇ ಮುಚ್ಚುತ್ತದೆ. ಒಣ ಸಿಪ್ಪೆಯನ್ನು ಮೊದಲು ಇಂಜಿನ್ ಕಡೆಯಿಂದ ಮುಂದಕ್ಕೆ ಗಾಳಿ ಊದಿ ತೆಗೆಯಿರಿ. ಗಾಳಿ ಬಂದ ದಿಕ್ಕಿಗೆ ವಾಪಸ್ ಹೋಗಬೇಕು. ಜಿಡ್ಡು ಇದ್ದ ಕಡೆ ಸೋಪಿನ ನೀರು ಹಾಕಿ ನೆನೆಸಿ, ಆಮೇಲೆ ಮೆಲ್ಲಗೆ ನೀರು. ಮೌಂಟಿಂಗ್ ರಬ್ಬರ್ ಮೊದಲು, ಶ್ರೌಡ್ ಆಮೇಲೆ. ಇಲ್ಲದಿದ್ದರೆ ಹೊಸ ಶ್ರೌಡೂ ಒಡೆಯುತ್ತದೆ.

ಪಾಲಿಟೆಕ್ನಿಕ್ ಮೇಷ್ಟ್ರು

ರೇಡಿಯೇಟರ್ ಬಿಚ್ಚಿದಾಗಲೇ ಮುಚ್ಚಳವನ್ನೂ ನೋಡಿಸಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ ಇನ್ನೂ ಎತ್ತರ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಶಿರಾಡಿ ಹತ್ತಿ ಸಕಲೇಶಪುರ ಮುಟ್ಟಿದರೆ ಅದಕ್ಕಿಂತ ಕಡಿಮೆ. ಮುಚ್ಚಳದ ಸ್ಪ್ರಿಂಗ್ 1 ಬಾರ್ ಒತ್ತಡ ಹಿಡಿದರೆ ಬರೀ ನೀರೇ 120 ಡಿಗ್ರಿ ಹತ್ತಿರದವರೆಗೆ ಕುದಿಯುವುದಿಲ್ಲ. ಅರ್ಧ ಕೂಲೆಂಟ್ ಇದ್ದರೆ ಇನ್ನೂ ಮೇಲೆ. ಸಣ್ಣ ಬೆಲೆಯ ಮುಚ್ಚಳದ ರಬ್ಬರ್ ಹೋಗಿದ್ದರೆ ಆ ಅಂತರವೆಲ್ಲ ಹೋಯಿತು. ಬಿಸಿ ಇರುವಾಗ ಮಾತ್ರ ಅದನ್ನು ತೆಗೆಯಬೇಡಿ.

ದುರ್ಗದ ಲಾರಿ

ಹಬ್, ಶ್ರೌಡ್, ಎರಡೂ ಮೌಂಟಿಂಗ್, ಮುಚ್ಚಳ ಎಲ್ಲ ಹಾಕಿಸಿ ಗೊಬ್ಬರ ತುಂಬಿಕೊಂಡು ಶಿರಾಡಿ ಹತ್ತಿಸಿದೆ. ಗುಂಡ್ಯ ದಾಟಿದ ಮೇಲೆ ಮುಳ್ಳು ಸ್ವಲ್ಪ ಮೇಲೆ ಹೋಯಿತು. ಆಗ ಫ್ಯಾನ್ ಹಿಡಿದುಕೊಂಡ ಸದ್ದು ಕ್ಯಾಬಿನ್ ಒಳಗೇ ಕೇಳಿಸಿತು. ಮುಳ್ಳು ಅಲ್ಲೇ ನಿಂತಿತು. ನಿಲ್ಲಿಸದೆ ಘಾಟಿ ಮೇಲಿನ ದೋಣಿಗಲ್ ದಾಟಿದೆ. ಕರೆಂಟ್ ಫ್ಯಾನ್ ವಿಚಾರ ಕೈಬಿಟ್ಟೆ.

ಹಿರಿಯೂರು ಪಿಕಪ್

ಅಣ್ಣಂದಿರೇ, ಇದೇ ಜಾಗದಲ್ಲಿ ಕೇಳುತ್ತೇನೆ. ನಂದು 12 ವೋಲ್ಟ್ ಸಣ್ಣ ಗೂಡ್ಸ್ ಗಾಡಿ, ಕಂಪನಿಯಿಂದಲೇ ಕರೆಂಟ್ ಫ್ಯಾನ್. ಟೊಮೆಟೊ ಲೋಡು. ಟ್ರಾಫಿಕ್‌ನಲ್ಲಿ ಹೀಟ್ ಏರುತ್ತದೆ, ಹೈವೇಯಲ್ಲಿ ಸರಿ. ಫ್ಯಾನ್ ಒಮ್ಮೊಮ್ಮೆ ತಿರುಗುತ್ತದೆ, ಒಮ್ಮೊಮ್ಮೆ ಇಲ್ಲ. ನಾನು ಬೆಲ್ಟ್ ಫ್ಯಾನ್ ಹಾಕಿಸಲಾ?

ಕರೆಂಟ್ ಕೆಲಸ, ಪಿ.ಬಿ. ರಸ್ತೆ

ಬೇಡ ತಮ್ಮ. ನಿನ್ನ ಗಾಡಿಗೆ ಕರೆಂಟ್ ಫ್ಯಾನೇ ಸರಿ. ಸಣ್ಣ ಇಂಜಿನ್, 30 ಆಂಪ್ ಒಳಗಿನ ಫ್ಯಾನ್, ಅದಕ್ಕೆ ತಕ್ಕ ಡೈನಮೋ. ತೊಂದರೆ ಫ್ಯಾನಿನ ಜಾತಿಯಲ್ಲಿಲ್ಲ, ದಾರಿಯಲ್ಲಿದೆ.

ಮೊದಲು ಫ್ಯಾನಿನ ಸಾಕೆಟ್ ಬಿಚ್ಚಿ ನೋಡು. ಪಿನ್ ಕಪ್ಪಾಗಿ, ಪ್ಲಾಸ್ಟಿಕ್ ಕರಗಿದ್ದರೆ ಅಲ್ಲಿ ಹಿಡಿತ ಸಡಿಲ. ಆಮೇಲೆ ರಿಲೇ. ಅದೇ ಥರದ್ದು ಹಾರ್ನ್‌ಗೆ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಅರ್ತ್ ವೈರ್ ಬಾಡಿಗೆ ಕೂತಿರುವ ಕಡೆ ತುಕ್ಕು ಕೆರೆದು ಬಿಗಿ ಮಾಡು. ಇಷ್ಟಕ್ಕೂ ಸರಿ ಹೋಗದಿದ್ದರೆ ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ಕೊಟ್ಟು ನೋಡು. ಆಗಲೂ ತಡೆದು ತಡೆದು ತಿರುಗಿದರೆ ಮೋಟಾರಿನ ಬ್ರಷ್ ಸವೆದಿದೆ. ಚೆನ್ನಾಗಿ ತಿರುಗಿದರೆ ಸೆನ್ಸರ್ ಅಥವಾ ವೈರಿಂಗ್.

ಕೈ ಹಾಕುವ ಮೊದಲು ಬ್ಯಾಟರಿ ಮೈನಸ್ ತೆಗೆ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಈ ಫ್ಯಾನ್ ತಾನಾಗಿ ಶುರುವಾಗುತ್ತದೆ. ಸಾಕೆಟ್ ಹೇಗಿದೆ ಅಂತ ನೋಡಿ ಫೋಟೋ ಹಾಕು, ಮುಂದಿನದು ಹೇಳುತ್ತೇನೆ.